ಒಂದು ಗುದ್ದು, 28 ವರ್ಷ: ವುಡಿ ಹೇಯ್ಸ್ ಎಂಬ ಮಾಸ್ಟ್ರು

ಅಮೆರಿಕದ ಒಹಾಯೊ ರಾಜ್ಯದ ರಾಜಧಾನಿ ಕೊಲಂಬಸ್. ಅಲ್ಲಿರುವ ಒಹಾಯೊ ಸ್ಟೇಟ್ ಯುನಿವರ್ಸಿಟಿಯ ದೊಡ್ಡ ಸ್ಟೇಡಿಯಂ ಬಳಿ ಹಾದುಹೋಗುವ ರಸ್ತೆಗೆ ವುಡಿ ಹೇಯ್ಸ್ ಎಂಬವರ ಹೆಸರು ಇಟ್ಟಿದ್ದಾರೆ. ಆಟಗಾರರು ತರಬೇತಿ ಪಡೆಯುವ ಕಟ್ಟಡಕ್ಕೂ ಅವರದೇ ಹೆಸರು. ಆದರೆ ಇದೇ ಯುನಿವರ್ಸಿಟಿ 1978ರ ಡಿಸೆಂಬರ್ 30ರ ಬೆಳಿಗ್ಗೆ ಅವರನ್ನು ಕೆಲಸದಿಂದ ತೆಗೆದುಹಾಕಿತ್ತು. ಹಿಂದಿನ ರಾತ್ರಿ ದೇಶವೆಲ್ಲ ಟಿವಿಯಲ್ಲಿ ನೋಡುತ್ತಿದ್ದಾಗ ಅವರು ಎದುರಾಳಿ ತಂಡದ ಒಬ್ಬ ಕಾಲೇಜು ಹುಡುಗನ ಕುತ್ತಿಗೆಗೆ ಗುದ್ದಿದ್ದರು. ಆಗ ಹುಡುಗ ಡಿಗ್ರಿ ಓದುತ್ತಿದ್ದವ, ಹೇಯ್ಸ್ ಅವರಿಗೆ 65 ವರ್ಷ ಪ್ರಾಯ.

ಈ ಮನುಷ್ಯನ ಬಗ್ಗೆ ಎರಡು ರೀತಿಯ ಮಾತು ಇಂದಿಗೂ ಇದೆ. 28 ವರ್ಷದ ಸೇವೆಯನ್ನು ಒಂದು ಕ್ಷಣದ ತಪ್ಪಿಗೆ ಬಲಿ ಕೊಟ್ಟರು ಅಂತ ಒಂದು ಕಡೆಯವರು. ಇನ್ನೊಂದು ಕಡೆಯವರಿಗೆ ಅವರ ಹೆಸರು ಹೇಳಿದರೆ ನೆನಪಾಗುವುದು ಆ ಗುದ್ದು ಮಾತ್ರ. ಎರಡೂ ಅರ್ಧ ಸತ್ಯವೇ. ಮಕ್ಕಳಿಗೆ ಪಾಠ ಹೇಳುವ ಕೆಲಸದಲ್ಲಿರುವ ನಮ್ಮಂತಹವರು ಈ ಜೀವನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಹೇಯ್ಸ್ ಮೊದಲು ಮಾಸ್ಟ್ರು, ಆಮೇಲೆ ಕೋಚ್.

ಆಟದ ಬಗ್ಗೆ ಎರಡು ಮಾತು. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಾವು ಆಡುವ ಫುಟ್‌ಬಾಲ್ ಅಲ್ಲ. ಅವರ ಚೆಂಡು ಮೊಟ್ಟೆಯ ಆಕಾರದ್ದು, ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ ಅಥವಾ ಎಸೆಯುತ್ತಾರೆ. ಒಂದೊಂದು ಕಡೆ 11 ಮಂದಿ, ತಲೆಗೆ ಹೆಲ್ಮೆಟ್, ಹೆಗಲಿಗೆ ಪ್ಯಾಡ್. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋಗದಿದ್ದರೆ ಚೆಂಡು ಎದುರಾಳಿಗೆ. ಕಾಲೇಜುಗಳ ನಡುವಿನ ಪಂದ್ಯಕ್ಕೆ ಅಲ್ಲಿ ಎಂಬತ್ತು ಸಾವಿರ ಜನ ಸೇರುವುದು ಸಾಮಾನ್ಯ. ಹಾಗಾಗಿ ಯುನಿವರ್ಸಿಟಿಯ ಅಧ್ಯಕ್ಷರ ಹೆಸರು ಗೊತ್ತಿಲ್ಲದವರಿಗೂ ಕೋಚ್‌ನ ಹೆಸರು ಗೊತ್ತಿರುತ್ತದೆ. ಆಡುವವರು ಮಾತ್ರ ವಿದ್ಯಾರ್ಥಿಗಳೇ.

ವೇಯ್ನ್ ವುಡ್ರೊ ಹೇಯ್ಸ್ ಹುಟ್ಟಿದ್ದು 1913ರ ಫೆಬ್ರವರಿ 14ರಂದು, ಒಹಾಯೊದ ಕ್ಲಿಫ್ಟನ್ ಎಂಬ ಸಣ್ಣ ಊರಲ್ಲಿ. ಬೆಳೆದದ್ದು ನ್ಯೂಕಮರ್ಸ್‌ಟೌನ್‌ನಲ್ಲಿ. ಅಪ್ಪ ಆ ಊರಿನ ಶಾಲೆಗಳ ಮೇಲ್ವಿಚಾರಕರು, ಸ್ವಂತ ಶ್ರಮದಲ್ಲಿ ಓದಿ ಮೇಲೆ ಬಂದವರು. ಇತಿಹಾಸ, ಅದರಲ್ಲೂ ಯುದ್ಧಗಳ ಇತಿಹಾಸ, ಹುಡುಗನ ತಲೆಗೆ ಹತ್ತಿದ್ದು ಕೊನೆಯ ತನಕ ಇಳಿಯಲಿಲ್ಲ. ಡೆನಿಸನ್ ಯುನಿವರ್ಸಿಟಿಯಲ್ಲಿ 1935ರಲ್ಲಿ ಪದವಿ ಮುಗಿಸಿ ಮಿಂಗೊ ಜಂಕ್ಷನ್, ನ್ಯೂ ಫಿಲಡೆಲ್ಫಿಯಾ ಊರುಗಳ ಹೈಸ್ಕೂಲುಗಳಲ್ಲಿ ಪಾಠ ಹೇಳುತ್ತಾ ಫುಟ್‌ಬಾಲ್ ಕಲಿಸಿದರು.

1941ರಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯುವ ಮೊದಲೇ, ನೌಕಾಪಡೆಗೆ ಸೇರಿದರು. 1942ರಲ್ಲಿ ಆ್ಯನ್ ಗ್ರಾಸ್ ಜೊತೆ ಮದುವೆ. ಯುದ್ಧ ಮುಗಿಯುವಾಗ ಲೆಫ್ಟಿನೆಂಟ್ ಕಮಾಂಡರ್ ದರ್ಜೆಗೆ ಏರಿ ಎರಡು ಹಡಗುಗಳ ಅಧಿಕಾರ ನೋಡಿಕೊಂಡಿದ್ದರು. ಹಡಗಿನಲ್ಲಿ ಕ್ಯಾಪ್ಟನ್ ಹೇಳಿದ್ದೇ ಮಾತು. ಮೈದಾನಕ್ಕೆ ವಾಪಸಾದ ಮೇಲೂ ಅವರು ಒಂದು ರೀತಿ ಹಡಗಿನ ಮೇಲೆಯೇ ಇದ್ದರೋ ಅಂತ ಅನಿಸುತ್ತದೆ.

1946ರಲ್ಲಿ ತಾನು ಓದಿದ ಡೆನಿಸನ್‌ಗೇ ಕೋಚ್ ಆಗಿ ಬಂದರು. ಮೊದಲ ವರ್ಷ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ನಂತರದ ಎರಡು ವರ್ಷ ಒಂದೂ ಸೋಲಲಿಲ್ಲ. ಅಲ್ಲಿಂದ ಒಹಾಯೊದಲ್ಲೇ ಇರುವ ಮಯಾಮಿ ಯುನಿವರ್ಸಿಟಿಗೆ ಹೋಗಿ ಎರಡು ವರ್ಷ ಇದ್ದರು. ಅಲ್ಲಿ ಅವರ ಕೈಕೆಳಗೆ ಆಡಿದ ಇಬ್ಬರು ಹುಡುಗರ ಹೆಸರು ಓದುಗರು ನೆನಪಿಟ್ಟುಕೊಳ್ಳಬೇಕು: ಬೊ ಶೆಂಬೆಕ್ಲರ್, ಹ್ಯೂ ಹಿಂಡ್‌ಮನ್. ಇಬ್ಬರೂ ಮುಂದೆ ಬರುತ್ತಾರೆ.

1951ರಲ್ಲಿ ಒಹಾಯೊ ಸ್ಟೇಟ್ ಅವರನ್ನು ಕರೆಯಿತು. ಆ ಯುನಿವರ್ಸಿಟಿಗೆ ಆಗ ಕೋಚ್‌ಗಳ ಸ್ಮಶಾನ ಎಂಬ ಅಡ್ಡಹೆಸರು ಇತ್ತು. ಸೋತರೆ ಊರವರು ಬಿಡುತ್ತಿರಲಿಲ್ಲ. ಹಿಂದಿನ ಕೋಚ್ ಒತ್ತಡ ತಾಳಲಾರದೆ ಬಿಟ್ಟು ಹೋಗಿದ್ದರು. ಊರಿನ ಬಹಳ ಜನಕ್ಕೆ ಬೇಕಾಗಿದ್ದದ್ದು ಬೇರೆ ಹೆಸರಾಂತ ಕೋಚ್, ಈ ಹೇಯ್ಸ್ ಯಾರು ಅಂತಲೇ ಕೇಳಿದವರು ಹಲವರು. ಮೊದಲ ವರ್ಷ ನಾಲ್ಕು ಗೆಲುವು, ಮೂರು ಸೋಲು, ಎರಡು ಸಮ. ಜನ ಗೊಣಗಿದರು. 1954ರಲ್ಲಿ ತಂಡ ಹತ್ತಕ್ಕೆ ಹತ್ತೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಆಮೇಲೆ ಗೊಣಗಿದವರ ಸದ್ದು ಕೇಳಲಿಲ್ಲ.

ಅವರ ಆಟದ ರೀತಿ ನೋಡುವವರಿಗೆ ಬೇಸರ ತರುವಂಥದ್ದು ಅಂತ ಆಗಿನವರೇ ಹೇಳುತ್ತಿದ್ದರು. ಚೆಂಡು ಎಸೆಯುವುದು ಅವರಿಗೆ ಇಷ್ಟ ಇಲ್ಲ, ಎಸೆದರೆ ಎದುರಾಳಿಯ ಕೈಗೆ ಸಿಗುವ ಭಯ. ಚೆಂಡನ್ನು ಎದೆಗವಚಿ ಹಿಡಿದು ನೇರ ನುಗ್ಗಬೇಕು. ಒಂದು ಸಲಕ್ಕೆ ಮೂರು ಗಜ ಹೋದರೂ ಸಾಕು, ಮತ್ತೆ ಮೂರು, ಮತ್ತೆ ಮೂರು. ಇದೇ ಹಠದಲ್ಲಿ 28 ವರ್ಷದಲ್ಲಿ ಒಹಾಯೊ ಸ್ಟೇಟ್‌ಗೆ 205 ಗೆಲುವು, 61 ಸೋಲು, 10 ಸಮ. ಬಿಗ್ ಟೆನ್ ಎಂಬ ಯುನಿವರ್ಸಿಟಿಗಳ ಒಕ್ಕೂಟದ ಪ್ರಶಸ್ತಿ 13 ಸಲ. ರಾಷ್ಟ್ರೀಯ ಚಾಂಪಿಯನ್ ಎಂದು ಯುನಿವರ್ಸಿಟಿ ಲೆಕ್ಕ ಹಾಕುವುದು ಐದು ಸಲ: 1954, 1957, 1961, 1968, 1970.

ಲೆಕ್ಕ ಇಷ್ಟು. ಆದರೆ ಅವರ ಹತ್ತಿರ ಕಲಿತವರು ಈ ಲೆಕ್ಕವನ್ನು ಅಷ್ಟಾಗಿ ಹೇಳುವುದಿಲ್ಲ. ಅವರು ಹೇಳುವುದು ಬೇರೆ. ಹೊಸದಾಗಿ ಬಂದ ಆಟಗಾರರಿಗೆ ಹೇಯ್ಸ್ ತಾವೇ ಕುಳಿತು ಶಬ್ದಾರ್ಥ, ಬರವಣಿಗೆ ಕಲಿಸುತ್ತಿದ್ದರು. ತಂಡಕ್ಕೆ ಹುಡುಗರನ್ನು ಆರಿಸಲು ಮನೆಗೆ ಹೋದರೆ ತಾಯಿಯ ಹತ್ತಿರ ಮಗನ ಓದಿನ ಬಗ್ಗೆ ಮಾತಾಡುತ್ತಿದ್ದರು, ಫುಟ್‌ಬಾಲ್ ಆಮೇಲೆ. ಡಿಗ್ರಿ ಮುಗಿಸದೆ ಹೋದವರನ್ನು ವರ್ಷಗಳ ನಂತರವೂ ಹಿಂದೆ ಬಿದ್ದು ಕರೆತಂದು ಮುಗಿಸಲು ಹೇಳಿದ್ದುಂಟು. ಆಸ್ಪತ್ರೆಗಳಿಗೆ ಹೋಗಿ ಗುರುತಿಲ್ಲದ ರೋಗಿಗಳ ಹಾಸಿಗೆ ಪಕ್ಕ ಕುಳಿತುಕೊಳ್ಳುತ್ತಿದ್ದರು, ಅದಕ್ಕೆ ಪತ್ರಿಕೆಯವರನ್ನು ಕರೆದುಕೊಂಡು ಹೋಗುವ ಅಭ್ಯಾಸ ಇರಲಿಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹಲವು ಸಲ ಅಲ್ಲಿಗೆ ಹೋಗಿ ಸೈನಿಕರನ್ನು ಕಂಡು, ಊರಿಗೆ ಬಂದ ಮೇಲೆ ಆ ಹುಡುಗರ ತಂದೆತಾಯಿಗೆ ತಾವೇ ಫೋನ್ ಮಾಡಿ ಸುದ್ದಿ ಮುಟ್ಟಿಸಿದರು. ಸಂಬಳ ಹೆಚ್ಚು ಮಾಡಲು ಬಂದಾಗ ಬೇಡ ಅಂದದ್ದುಂಟು.

ಕರಿಯ ಹುಡುಗರ ವಿಷಯದಲ್ಲೂ ಅವರ ದಾರಿ ಗಮನಿಸಬೇಕು. ದಕ್ಷಿಣದ ಎಷ್ಟೋ ಯುನಿವರ್ಸಿಟಿಗಳು ಕರಿಯರನ್ನು ತಂಡದ ಹತ್ತಿರವೂ ಬಿಡದಿದ್ದ 1950ರ ದಶಕದಲ್ಲೇ ಜಿಮ್ ಪಾರ್ಕರ್‌ನಂತಹ ಆಟಗಾರ ಹೇಯ್ಸ್ ಅವರ ತಂಡದ ಬೆನ್ನೆಲುಬಾಗಿದ್ದ. 1968ರಲ್ಲಿ ರೂಡಿ ಹಬರ್ಡ್ ಎಂಬ ಕರಿಯ ಯುವಕನನ್ನು ಸಹಾಯಕ ಕೋಚ್ ಮಾಡಿದರು. ತಂಡವನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ 1973ರಲ್ಲಿ ಕಾರ್ನೆಲಿಯಸ್ ಗ್ರೀನ್ ಬಂದ, ಆ ಯುನಿವರ್ಸಿಟಿಯಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಕರಿಯ ಹುಡುಗ ಅವನೇ. ಕೊಲಂಬಸ್‌ನವನೇ ಆದ ಆರ್ಚಿ ಗ್ರಿಫಿನ್, ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯನ್ನು 1974, 1975 ಎರಡೂ ವರ್ಷ ಗೆದ್ದ. ಎರಡು ಸಲ ಗೆದ್ದವರು ಬೇರೆ ಯಾರೂ ಇಲ್ಲ.

ಅವರ ಜೀವನದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಯಾವ ಗೆಲುವೂ ಅಲ್ಲ, 1961ರ ನವೆಂಬರ್‌ನ ಒಂದು ಸಂಜೆ. ಆ ವರ್ಷ ತಂಡ ಒಂದೂ ಪಂದ್ಯ ಸೋತಿರಲಿಲ್ಲ. ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಎಂಬ ದೊಡ್ಡ ಪಂದ್ಯಕ್ಕೆ ಕರೆ ಬಂತು. ಆ ಪಂದ್ಯಕ್ಕೆ ಹೋಗುವುದು ಅಲ್ಲಿನ ಹುಡುಗರ ಬಾಲ್ಯದ ಕನಸು. ಆದರೆ ಯುನಿವರ್ಸಿಟಿಯ ಅಧ್ಯಾಪಕರ ಮಂಡಳಿ ಸಭೆ ಸೇರಿ 28ಕ್ಕೆ 25 ಮತಗಳಿಂದ ಹೋಗುವುದು ಬೇಡ ಎಂದು ತೀರ್ಮಾನಿಸಿತು. ಫುಟ್‌ಬಾಲ್ ಓದನ್ನು ನುಂಗಿಹಾಕುತ್ತಿದೆ, ಯುನಿವರ್ಸಿಟಿಯ ಹೆಸರು ಚೆಂಡಿನಿಂದ ಮಾತ್ರ ಗೊತ್ತಾಗುವ ಹಾಗಾಗಿದೆ ಎಂಬುದು ಬೇಡ ಅಂದವರ ವಾದ. ವಿದ್ಯಾರ್ಥಿಗಳು ಬೀದಿಗಿಳಿದರು. ಸಾವಿರಾರು ಮಂದಿ ಕೊಲಂಬಸ್‌ನ ರಸ್ತೆಗಳಲ್ಲಿ ಕೂಗಾಡಿದರು.

ಆ ಸುದ್ದಿ ಬಂದಾಗ ಹೇಯ್ಸ್ ಕ್ಲೀವ್‌ಲೆಂಡ್‌ನಲ್ಲಿ ಹಳೆ ವಿದ್ಯಾರ್ಥಿಗಳ ಒಂದು ಕಾರ್ಯಕ್ರಮಕ್ಕೆ ಮಾತಾಡಲು ಹೋಗಿದ್ದರು. ಮಾತಾಡುವ ಮೊದಲು ಒಬ್ಬರೇ ಹೊರಗೆ ಹೋಗಿ ಬಹಳ ಹೊತ್ತು ರಸ್ತೆಯಲ್ಲಿ ನಡೆದರು. ಕೋಪದ ಮನುಷ್ಯ, ಊರೆಲ್ಲ ಅವರ ಬೆನ್ನಿಗಿದೆ, ಒಂದು ಮಾತು ಅಂದಿದ್ದರೆ ಬೆಂಕಿಗೆ ತುಪ್ಪ ಸುರಿದಂತಾಗುತ್ತಿತ್ತು. ಅವರು ಅನ್ನಲಿಲ್ಲ. ಈ ತೀರ್ಮಾನ ತನಗೆ ಒಪ್ಪಿಗೆ ಇಲ್ಲ, ಆದರೆ ತೀರ್ಮಾನ ಮಾಡುವ ಹಕ್ಕು ಅಧ್ಯಾಪಕರಿಗೆ ಇದೆ ಎಂದು ಹೇಳಿ ಬಿಟ್ಟುಬಿಟ್ಟರು. ಕ್ಲಾಸಿನ ಮಾಸ್ಟ್ರುಗಳ ಮಾತಿಗೆ ಮೈದಾನದ ಮಾಸ್ಟ್ರು ತಲೆಬಾಗಿದ ಆ ಸಂಜೆಯನ್ನು ಟಿವಿಯವರು ಮತ್ತೆ ಮತ್ತೆ ತೋರಿಸುವುದಿಲ್ಲ, ಗುದ್ದನ್ನು ತೋರಿಸುತ್ತಾರೆ.

ಈ ಸಂಜೆ ಇನ್ನೊಂದನ್ನೂ ತೋರಿಸಿಕೊಡುತ್ತದೆ. ಬೇಕೆಂದರೆ ಅವರಿಗೆ ಕೋಪ ತಡೆಯಲು ಬರುತ್ತಿತ್ತು.

ಹಾಗಾದರೆ ಉಳಿದ ದಿನ ಎಂತ ಆಯ್ತು? ಅಭ್ಯಾಸದ ಮೈದಾನದಲ್ಲಿ ಅವರ ಕೋಪ ಎಲ್ಲರಿಗೂ ಗೊತ್ತಿದ್ದದ್ದೇ. ತಲೆಯ ಟೋಪಿ ಹರಿದು ಎಸೆಯುವರು, ಕನ್ನಡಕ ಪುಡಿ ಮಾಡುವರು, ತನ್ನ ಕೈಯನ್ನೇ ಕಚ್ಚಿಕೊಳ್ಳುವರು. ಹುಡುಗರ ಎದೆಗೆ, ಹೆಗಲಿನ ಪ್ಯಾಡಿಗೆ ಮುಷ್ಟಿಯಿಂದ ಗುದ್ದುವರು. ಟೋಪಿಯ ಹೊಲಿಗೆಯನ್ನು ಮೊದಲೇ ಬ್ಲೇಡಿನಿಂದ ಸ್ವಲ್ಪ ಬಿಡಿಸಿ ಇಡುತ್ತಿದ್ದರಂತೆ, ಎಳೆದ ಕೂಡಲೇ ಹರಿಯಲಿ ಅಂತ. ಹುಡುಗರು ಇದನ್ನು ನಗುತ್ತಾ ಹೇಳುತ್ತಾರೆ. ನನಗೆ ಅದರಲ್ಲಿ ನಗು ಬರುವುದಿಲ್ಲ. ಮೊದಲೇ ತಯಾರಿ ಮಾಡಿಕೊಂಡ ಕೋಪ ಕೆಲಸದ ಒಂದು ಹತ್ಯಾರು. ಹತ್ಯಾರನ್ನು ದಿನಾ ಹಿಡಿದು ಹಿಡಿದು ಅದು ಯಾವಾಗ ಕೈ ಜಾರುತ್ತದೆ ಅಂತ ಹಿಡಿದವನಿಗೇ ಗೊತ್ತಾಗುವುದಿಲ್ಲ.

ನಿಯಮ ಮೀರಿದ್ದಕ್ಕೆ ಮೊದಲ ದೊಡ್ಡ ಶಿಕ್ಷೆ ಬಂದದ್ದು 1956ರಲ್ಲಿ, ಅದು ಕೋಪದ್ದಲ್ಲ. ಕಷ್ಟದಲ್ಲಿದ್ದ ಆಟಗಾರರಿಗೆ ತನ್ನ ಕೈಯಿಂದ ಸಣ್ಣ ಸಾಲ ಕೊಟ್ಟಿದ್ದೇನೆ ಎಂದು ಅವರೇ ಒಪ್ಪಿಕೊಂಡರು, ಯಾರಿಗೆ ಅಂತ ಹೆಸರು ಮಾತ್ರ ಹೇಳಲಿಲ್ಲ. ಬಿಗ್ ಟೆನ್ ಒಕ್ಕೂಟ ಒಂದು ವರ್ಷ ಯುನಿವರ್ಸಿಟಿಯನ್ನು ನಿಗಾದಲ್ಲಿಟ್ಟಿತು, ರೋಸ್ ಬೌಲ್‌ಗೆ ಹೋಗುವ ಅವಕಾಶವೂ ತಪ್ಪಿತು. ನಿಯಮ ನಿಯಮವೇ. ಆದರೂ ಈ ತಪ್ಪಿಗೆ ಅವರನ್ನು ಬೈಯಲು ಮನಸ್ಸು ಬರುವುದಿಲ್ಲ.

ಮುಂದಿನವು ಬೇರೆ ಜಾತಿಯವು. 1969ರಲ್ಲಿ ಮಿಷಿಗನ್ ಯುನಿವರ್ಸಿಟಿಗೆ ಹೊಸ ಕೋಚ್ ಬಂದರು, ಮೇಲೆ ಹೇಳಿದ ಬೊ ಶೆಂಬೆಕ್ಲರ್. ಒಹಾಯೊ ಸ್ಟೇಟ್‌ಗೂ ಮಿಷಿಗನ್‌ಗೂ ಮೊದಲಿಂದಲೇ ಆಗಿಬರುವುದಿಲ್ಲ. ಸತತ 22 ಪಂದ್ಯ ಗೆದ್ದು ಬಂದಿದ್ದ ಗುರುವಿನ ತಂಡವನ್ನು ಶಿಷ್ಯ ಮೊದಲ ವರ್ಷವೇ 24ಕ್ಕೆ 12ರಿಂದ ಸೋಲಿಸಿದರು. ಅಲ್ಲಿಂದ ಹತ್ತು ವರ್ಷ ಗುರುಶಿಷ್ಯರ ನಡುವೆ ನಡೆದದ್ದನ್ನು ಅಲ್ಲಿಯವರು ಹತ್ತು ವರ್ಷದ ಯುದ್ಧ ಎಂದೇ ಕರೆಯುತ್ತಾರೆ.

1971ರಲ್ಲಿ ಮಿಷಿಗನ್‌ನಲ್ಲಿ ರೆಫರಿಯ ಒಂದು ತೀರ್ಪಿಗೆ ಸಿಟ್ಟಾಗಿ ಮೈದಾನಕ್ಕೆ ನುಗ್ಗಿ, ಬದಿಯಲ್ಲಿ ನೆಟ್ಟಿದ್ದ ಗುರುತು ಫಲಕಗಳನ್ನು ಹೇಯ್ಸ್ ಹರಿದುಹಾಕಿದರು. 1973ರ ಜನವರಿ 1ರಂದು ರೋಸ್ ಬೌಲ್ ಶುರುವಾಗುವ ಮೊದಲು ಫೋಟೊ ತೆಗೆಯುತ್ತಿದ್ದ ಪತ್ರಿಕಾ ಛಾಯಾಗ್ರಾಹಕನ ಕ್ಯಾಮೆರಾವನ್ನು ಅವನ ಮುಖಕ್ಕೇ ದೂಡಿದರು. ದೂರು ದಾಖಲಾಗಿ ಬಳಿಕ ಕೈಬಿಡಲಾಯಿತು. 1974ರಲ್ಲಿ ಹೃದಯಾಘಾತ ಆಯ್ತು, ಆದರೂ ಕೆಲಸ ಬಿಡಲಿಲ್ಲ. 1977ರಲ್ಲಿ ಮಿಷಿಗನ್ ಪಂದ್ಯದಲ್ಲಿ ತನ್ನ ಹುಡುಗ ಚೆಂಡು ಕೈಬಿಟ್ಟ ಸಂಕಟದಲ್ಲಿ ಟಿವಿ ಕ್ಯಾಮೆರಾದವನ ಮೇಲೆ ಕೈ ಮಾಡಿದರು. ಒಕ್ಕೂಟ ಎಚ್ಚರಿಕೆ ಕೊಟ್ಟು ನಿಗಾದಲ್ಲಿಟ್ಟಿತು. ಯುನಿವರ್ಸಿಟಿ? ಮುಂದಿನ ವರ್ಷವೂ ಅವರೇ ಕೋಚ್.

ಗೆಲ್ಲಿಸಿಕೊಡುವವನ ಕೋಪಕ್ಕೆ ಜನ ಹೆಸರು ಬದಲಿಸುತ್ತಾರೆ. ಛಲ ಅನ್ನುತ್ತಾರೆ, ಆಟದ ಮೇಲಿನ ಪ್ರೀತಿ ಅನ್ನುತ್ತಾರೆ. ಹೇಯ್ಸ್ ಅವರ ಸುತ್ತ ಇದ್ದವರು ಕೆಟ್ಟವರೇನಲ್ಲ, ಅವರನ್ನು ನಿಜವಾಗಿ ಪ್ರೀತಿಸಿದವರು. ಆದರೆ 1973ರಲ್ಲಿ ಅವರನ್ನು ಒಂದು ವರ್ಷ ಮನೆಯಲ್ಲಿ ಕೂರಿಸುವ ಧೈರ್ಯ ಯಾರಾದರೂ ಮಾಡಿದ್ದರೆ, ಆ ಪ್ರೀತಿಗೆ ಅರ್ಥ ಇರುತ್ತಿತ್ತು. ಯಾರೂ ಮಾಡಲಿಲ್ಲ.

ಅಷ್ಟರಲ್ಲಿ ಗೆಲುವೂ ಕಡಿಮೆಯಾಗತೊಡಗಿತು. 1976, 1977, 1978 ಮೂರೂ ವರ್ಷ ಮಿಷಿಗನ್ ಎದುರು ಸೋಲು, ಮೂರರಲ್ಲೂ ತಂಡಕ್ಕೆ ಒಂದೇ ಒಂದು ಟಚ್‌ಡೌನ್ ಸಿಗಲಿಲ್ಲ. 1978ರ ಡಿಸೆಂಬರ್ 29ರ ರಾತ್ರಿ ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಗೇಟರ್ ಬೌಲ್ ಪಂದ್ಯ. ಎದುರಾಳಿ ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ಯುನಿವರ್ಸಿಟಿ. ಕ್ಲೆಮ್ಸನ್ 17, ಒಹಾಯೊ ಸ್ಟೇಟ್ 15. ಸುಮಾರು ಎರಡು ನಿಮಿಷ ಬಾಕಿ. ಒಹಾಯೊದವರು ಮುಂದೆ ಬರುತ್ತಿದ್ದರು, ಇನ್ನು ಸ್ವಲ್ಪ ಹೋದರೆ ಗೆಲುವು. ಮೊದಲ ವರ್ಷದ ಹುಡುಗ ಚೆಂಡು ಎಸೆದ. ಜೀವನವಿಡೀ ಎಸೆತಕ್ಕೆ ಹೆದರಿದ ಕೋಚ್‌ನ ಕಣ್ಣೆದುರೇ ಅದು ಎದುರಾಳಿಯ ಕೈ ಸೇರಿತು. ಚೆಂಡು ಹಿಡಿದ ಕ್ಲೆಮ್ಸನ್ ಹುಡುಗ ಓಡುತ್ತಾ ಬಂದು ಗೆರೆಯ ಹೊರಗೆ, ಒಹಾಯೊದವರು ನಿಂತಿದ್ದಲ್ಲೇ ಬಿದ್ದು ಎದ್ದ. ಹೇಯ್ಸ್ ಅವನ ಅಂಗಿ ಹಿಡಿದು ಕುತ್ತಿಗೆಯ ಬಳಿ ಗುದ್ದಿದರು. ತಡೆಯಲು ಬಂದ ತನ್ನದೇ ತಂಡದ ಹುಡುಗನ ಮೇಲೂ ತಿರುಗಿ ಬಿದ್ದರು. ಟಿವಿಯಲ್ಲಿ ವಿವರಣೆ ಕೊಡುತ್ತಿದ್ದವರು ಅದರ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಆದರೆ ಚಿತ್ರ ಇತ್ತು, ಜನ ನೋಡಿದ್ದರು.

ಆ ಹುಡುಗನ ಹೆಸರು ನಾನು ಇಲ್ಲಿ ಬರೆಯುತ್ತಿಲ್ಲ. ಒಳ್ಳೆಯ ಆಟ ಆಡಿದ್ದು ಬಿಟ್ಟು ಬೇರೆ ಏನೂ ಮಾಡದಿದ್ದರೂ ಜೀವನವಿಡೀ ಅವನನ್ನು ಗುದ್ದು ತಿಂದವನು ಎಂದೇ ಗುರುತಿಸಿದರು. ಅವನು ದೂರು ಕೊಡಲಿಲ್ಲ, ದ್ವೇಷ ಇಟ್ಟುಕೊಳ್ಳಲಿಲ್ಲ, ಆ ಬಗ್ಗೆ ಹೆಚ್ಚು ಮಾತಾಡಲೂ ಇಲ್ಲ.

ಕೆಲಸದಿಂದ ತೆಗೆಯುವ ಭಾರ ಬಿದ್ದದ್ದು ಯುನಿವರ್ಸಿಟಿಯ ಕ್ರೀಡಾ ನಿರ್ದೇಶಕರ ಮೇಲೆ. ಅವರು ಬೇರೆ ಯಾರೂ ಅಲ್ಲ, ಮಯಾಮಿಯಲ್ಲಿ ಹೇಯ್ಸ್ ಕೈಕೆಳಗೆ ಆಡಿದ, ಆಮೇಲೆ ವರ್ಷಗಟ್ಟಲೆ ಅವರ ಸಹಾಯಕ ಕೋಚ್ ಆಗಿದ್ದ ಹ್ಯೂ ಹಿಂಡ್‌ಮನ್. ಅಧ್ಯಕ್ಷ ಹೆರಾಲ್ಡ್ ಎನಾರ್ಸನ್ ಜೊತೆ ಮಾತಾಡಿ, ಬೆಳಿಗ್ಗೆ ಗುರುವಿನ ಎದುರು ಹೋಗಿ ನಿಂತರು. ರಾಜೀನಾಮೆ ಕೊಡಿ ಎಂದು ಕೇಳಿದರು, ಗುರು ಕೊಡಲಿಲ್ಲ. ಹಾಗಾಗಿ ವಜಾ. ಹೇಯ್ಸ್ ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಹೃದಯ ಸರಿ ಇರಲಿಲ್ಲ, ಅದಕ್ಕೇ ಹೀಗಾಯ್ತು ಎಂದು ವಾದಿಸಿದವರಿದ್ದಾರೆ. ಇರಬಹುದು. ಆದರೆ 1971ರಿಂದ ನಡೆದದ್ದನ್ನು ಸಾಲಾಗಿ ಇಟ್ಟು ನೋಡಿದರೆ ಆ ರಾತ್ರಿಯದ್ದು ಒಂದು ಕ್ಷಣದ ತಪ್ಪು ಎಂದು ಹೇಳಲು ಆಗುವುದಿಲ್ಲ. ಫಲಕದಿಂದ ಕ್ಯಾಮೆರಾಕ್ಕೆ, ಕ್ಯಾಮೆರಾದಿಂದ ಮನುಷ್ಯನಿಗೆ, ಕೊನೆಗೆ ವಿದ್ಯಾರ್ಥಿಗೆ ಬಂದು ಮುಟ್ಟಿತ್ತು. ವಿದ್ಯಾರ್ಥಿಯ ಮೇಲೆ ಕೈ ಎತ್ತಿದ ಮಾಸ್ಟ್ರನ್ನು ಇಟ್ಟುಕೊಳ್ಳಲು ಯುನಿವರ್ಸಿಟಿಗೆ ದಾರಿ ಇರಲಿಲ್ಲ. ಹಿಂಡ್‌ಮನ್ ಮಾಡಿದ್ದು ಸರಿ. ಐದು ವರ್ಷ ತಡವಾಗಿತ್ತು ಅಷ್ಟೇ, ಆ ತಡ ಹಿಂಡ್‌ಮನ್ ಒಬ್ಬರದ್ದಲ್ಲ.

ಕ್ಷಮೆಯ ವಿಷಯ ಇನ್ನೂ ಕಷ್ಟದ್ದು. ಮಿಷಿಗನ್‌ನ ಶೆಂಬೆಕ್ಲರ್ ಕೆಲ ದಿನಗಳಲ್ಲೇ ಗುರುವನ್ನು ಒಬ್ಬ ಸ್ನೇಹಿತರ ಮನೆಯಲ್ಲಿ ಕಂಡು, ಎಲ್ಲರ ಎದುರು ಕ್ಷಮೆ ಕೇಳಿ ಎಂದು ಬೇಡಿಕೊಂಡರು. ಹತ್ತು ವರ್ಷ ಎದುರಾಳಿಯಾಗಿದ್ದವರೇ ಆ ಮಾತು ಹೇಳಬೇಕಾಯಿತು. ಗುರು ಒಪ್ಪಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಒಂದು ಸ್ಪಷ್ಟ ಕ್ಷಮೆ ಅವರಿಂದ ಯಾವತ್ತೂ ಬರಲಿಲ್ಲ. ನನಗೆ ಗುದ್ದಿಗಿಂತ ಇದೇ ಹೆಚ್ಚು ನೋವಿನದ್ದಾಗಿ ಕಾಣುತ್ತದೆ. ಗುದ್ದಿದ್ದು ಒಂದು ಗಳಿಗೆ, ಕ್ಷಮೆ ಕೇಳಲು ಎಂಟು ವರ್ಷ ಇತ್ತು.

ಯುನಿವರ್ಸಿಟಿ ಅವರನ್ನು ಪೂರ್ತಿ ಹೊರಗೆ ಹಾಕಲಿಲ್ಲ, ಅದೂ ಹೇಳಬೇಕಾದ ಮಾತು. ಮಿಲಿಟರಿ ಸೈನ್ಸ್ ಕಟ್ಟಡದಲ್ಲಿ ಒಂದು ಕೋಣೆ ಕೊಟ್ಟಿತು. ಅಲ್ಲಿ ಕುಳಿತು ಓದಿದರು, ಬಂದ ಹುಡುಗರ ಹತ್ತಿರ ಮಾತಾಡಿದರು, ಊರೂರಿಗೆ ಭಾಷಣಕ್ಕೆ ಹೋದರು, ಆಸ್ಪತ್ರೆ ಭೇಟಿ ಬಿಡಲಿಲ್ಲ. ಪಂದ್ಯದ ದಿನ ಯುನಿವರ್ಸಿಟಿಯ ಬ್ಯಾಂಡ್‌ನವರು ಮೈದಾನದಲ್ಲಿ ಸಾಲಾಗಿ ನಡೆದು ಒಹಾಯೊ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬರೆಯುವ ಕ್ರಮ ಇದೆ. ಅದರಲ್ಲಿ ಐ ಅಕ್ಷರದ ಚುಕ್ಕೆಯ ಜಾಗದಲ್ಲಿ ಬಂದು ನಿಲ್ಲುವುದು ಹೊರಗಿನವರಿಗೆ ಅಪರೂಪಕ್ಕೆ ಸಿಗುವ ಗೌರವ. 1983ರಲ್ಲಿ ಹೇಯ್ಸ್ ಅವರನ್ನು ಕರೆದು ಅಲ್ಲಿ ನಿಲ್ಲಿಸಿದರು. 1986ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟು, ಪದವಿ ಪ್ರದಾನದ ದಿನ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾತಾಡಲು ಹೇಳಿದರು. ಸಿಕ್ಕಿದ ಉಪಕಾರವನ್ನು ಕೊಟ್ಟವರಿಗೇ ತೀರಿಸಲು ಆಗದಿದ್ದರೆ ಮುಂದಿನವರಿಗೆ ದಾಟಿಸಬೇಕು ಎಂಬುದೇ ಆ ದಿನದ ಅವರ ಮಾತಿನ ಸಾರ. ಪಡೆದುಕೊಂಡ ಬಿರುದುಗಳಲ್ಲಿ ಅವರಿಗೆ ಅತ್ಯಂತ ಖುಷಿ ಕೊಟ್ಟದ್ದು ಅದೇ ಅಂತ ಹೇಳುತ್ತಾರೆ. ಮಾಸ್ಟ್ರಿಗೆ ಕೊನೆಗೂ ಕ್ಲಾಸು ಸಿಕ್ಕಿತ್ತು.

1987ರ ಮಾರ್ಚ್ 11ರಂದು ಡೇಟನ್ ನಗರದಲ್ಲಿ ಶೆಂಬೆಕ್ಲರ್ ಅವರ ಒಂದು ಕಾರ್ಯಕ್ರಮ ಇತ್ತು. ಹೇಯ್ಸ್ ಅವರ ಆರೋಗ್ಯ ಪ್ರಯಾಣ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಆದರೂ ಹೋದರು, ವೇದಿಕೆ ಹತ್ತಿ ಶಿಷ್ಯನನ್ನು ಸಭೆಗೆ ಪರಿಚಯಿಸಿದರು, ರಾತ್ರಿ ಮನೆಗೆ ಮರಳಿದರು. ಮರುದಿನ ಬೆಳಿಗ್ಗೆ ಮನೆಯಲ್ಲೇ ತೀರಿಹೋದರು. 74 ವರ್ಷ ಆಗಿತ್ತು. ಅಂತಿಮ ಪ್ರಾರ್ಥನೆಯಲ್ಲಿ ಹಳೆಯ ಸ್ನೇಹಿತ, ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಮಾತಾಡಿದರು. ಸ್ಟೇಡಿಯಂನಲ್ಲಿ ನಡೆದ ಸಾರ್ವಜನಿಕ ಸಭೆಗೆ ಸಾವಿರಾರು ಜನ ಬಂದಿದ್ದರು, ಹೆಚ್ಚಿನವರು ಅವರ ಕೈಕೆಳಗೆ ಒಂದು ದಿನವೂ ಆಡಿದವರಲ್ಲ.